ಮೆಷಿನ್ ಮೇಲೆ ಸೊನ್ನೆ, ರಸ್ತೆ ಮೇಲೆ ನಡುಕ: ಒಂದು ಹಳೇ ಬೆಂಜ್ ವ್ಯಾಗನ್ನಿನ ಗಾಲಿ ಪ್ರಕರಣ

ಬಳ್ಳಾರಿಯ ಹಳಬರ ಬಾಯಲ್ಲಿ ಬೆಂಜ್ ಅಂದರೆ ಕಾರಲ್ಲ, ಲಾರಿ. 1954ರಿಂದ 1969ರವರೆಗೆ ಟಾಟಾದವರು ಜರ್ಮನಿಯ ಬೆಂಜ್ ಕಂಪನಿಯ ಜೊತೆ ಸೇರಿ ಲಾರಿ ಮಾಡುತ್ತಿದ್ದರು. ಅವುಗಳ ಮೂತಿ ಮೇಲೆ ಮೂರು ಕಡ್ಡಿಯ ನಕ್ಷತ್ರ ಇರುತ್ತಿತ್ತು. ನಕ್ಷತ್ರ ಹೋಯಿತು, ಹೆಸರು ಉಳಿಯಿತು. ಹಾಗಾಗಿ ಒಂದು ಬೆಳಿಗ್ಗೆ ನಮ್ಮ ಹುಡುಗ ಒಳಗೆ ಬಂದು ‘ಅಣ್ಣಾ, ಬೆಂಜ್ ಬಂದೈತಿ, ಸ್ಟೇರಿಂಗ್ ನಡುಗತೈತಂತ’ ಅಂದಾಗ ನಾನು ಸೀದಾ ಲಾರಿ ಜಾಕಿ ಎಳೆಯಲು ಹೇಳಿದೆ.

ಹೊರಗೆ ಬಂದು ನೋಡಿದರೆ ಉದ್ದನೆಯ ಕಾರು. ಕೆನೆ ಬಣ್ಣ. ಹಿಂದೆ ಡಿಕ್ಕಿಯ ಜಾಗದಲ್ಲಿ ಗಾಜಿನ ಮನೆ. ಸ್ಟೇರಿಂಗ್ ಎಡಗಡೆ. ಹೊಸಪೇಟೆ ರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ಟೈರ್ ಅಂಗಡಿ ನಡೆಸುತ್ತಿದ್ದೇನೆ. ಅದಿರು ಲಾರಿಗಳೇ ನಮ್ಮ ಅನ್ನ. ಇಂಥ ಗಾಡಿ ನಮ್ಮ ಅಂಗಳಕ್ಕೆ ಬಂದಿದ್ದು ಅದೇ ಮೊದಲು.

ಗಾಡಿ 1983ರ 240 ಟಿಡಿ. ಬೆಂಜ್‌ನ ಡಬ್ಲ್ಯೂ 123 ಸರಣಿಯ ಸ್ಟೇಷನ್ ವ್ಯಾಗನ್. ಈ ವ್ಯಾಗನ್ ರೂಪಕ್ಕೆ ಎಸ್ 123 ಅನ್ನುತ್ತಾರೆ. 1977ರಲ್ಲಿ ಫ್ರಾಂಕ್‌ಫರ್ಟ್ ಮೇಳದಲ್ಲಿ ತೋರಿಸಿ, 1978ರಿಂದ 1986ರವರೆಗೆ ಬ್ರೆಮೆನ್ ಕಾರ್ಖಾನೆಯಲ್ಲಿ ಮಾಡಿದರು. 2.4 ಲೀಟರ್ ಡೀಸೆಲ್ ಎಂಜಿನ್, 72 ಎಚ್‌ಪಿ. ಅಂದರೆ ಓಡುವ ಕುದುರೆ ಅಲ್ಲ, ಹೊರುವ ಎತ್ತು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ತೀರ್ಮಾನ ಎಲ್ಲಾ ಇದರ ಮೇಲೆ ನಿಂತಿದೆ.

ಮಾಲೀಕರು ಇಲ್ಲಿನ ಕಾಲೇಜೊಂದರಲ್ಲಿ ಕಾಮರ್ಸ್ ಹೇಳುವ ಮೇಷ್ಟ್ರು. ಅವರ ಅಪ್ಪ ಜರ್ಮನಿಯಲ್ಲಿ ಎಂಜಿನಿಯರ್ ಆಗಿದ್ದು, ವಾಪಸ್ ಬರುವಾಗ ತಂದ ಗಾಡಿ. ಅಪ್ಪ ತೀರಿಕೊಂಡ ಮೇಲೆ ಎಷ್ಟೋ ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಎರಡು ವರ್ಷದ ಹಿಂದೆ ರಿಪೇರಿ ಮಾಡಿಸಿ ರಸ್ತೆಗಿಳಿಸಿದ್ದಾರೆ. ಬೆಂಗಳೂರಿನಲ್ಲಿ ಓದುವ ಮಗ ಅದಕ್ಕೆ 17 ಇಂಚಿನ ಅಲಾಯ್ ಗಾಲಿ ಹಾಕಿಸಿದ್ದಾನೆ. ಕಪ್ಪು ಬಣ್ಣ, ಅಂಚಿಗೆ ಬೆಳ್ಳಿ ಗೆರೆ. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮೇಷ್ಟ್ರ ದೂರು ಎರಡು. 80 ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಹಿಂದೆ ಕೂತವರಿಗೆ ಎತ್ತಿನ ಬಂಡಿಯಲ್ಲಿ ಕೂತ ಹಾಗಾಗುತ್ತದೆ. ‘ನಾಲ್ಕು ಸಲ ಬ್ಯಾಲೆನ್ಸ್ ಮಾಡಿಸೇನ್ರಿ, ಎರಡು ಸಲ ಅಲೈನ್‌ಮೆಂಟ್. ಎಲ್ಲಾ ಕಡೆ ಸರಿ ಐತಿ ಅಂತಾರ. ಗಾಡಿ ಮಾತ್ರ ನಡುಗತೈತಿ’ ಅಂದರು. ಟೈರ್ ಬದಲಿಸಬೇಕು, ಯಾವ ಸೈಜ್ ಹಾಕಲಿ, ಇದು ಅವರ ಪ್ರಶ್ನೆ.

ಸೈಜಿನ ಮಾತು ಆಮೇಲೆ, ಮೊದಲು ಗಾಲಿ ಬಿಚ್ಚೋಣ ಅಂದೆ.

ಮುಂದಿನ ಎರಡು ಗಾಲಿ ಬಿಚ್ಚಿ ನಮ್ಮ ಬ್ಯಾಲೆನ್ಸಿಂಗ್ ಮೆಷಿನ್‌ಗೆ ಹಾಕಿದೆವು. ಸೊನ್ನೆ, ಸೊನ್ನೆ. ಒಂದರ ಒಳ ಅಂಚು ಒಂಚೂರು ಡೊಂಕಾಗಿತ್ತು. ಆದರೆ ಕೈಯೇ ನಡುಗುವಷ್ಟು ಡೊಂಕಲ್ಲ. ಹಿಂದೆ ಬ್ಯಾಲೆನ್ಸ್ ಮಾಡಿದವರು ಸುಳ್ಳು ಹೇಳಿರಲಿಲ್ಲ. ಮೆಷಿನ್ ಪ್ರಕಾರ ಗಾಲಿ ಸರಿಯಾಗಿಯೇ ಇತ್ತು.

ಆಗ ನಾನು ಬೋಲ್ಟು ಕೈಗೆ ತೆಗೆದುಕೊಂಡೆ. ಈ ಗಾಡಿಗೆ ನಮ್ಮ ಕಾರುಗಳ ಹಾಗೆ ಹಬ್ಬಿನಿಂದ, ಅಂದರೆ ಗಾಲಿ ಕೂರುವ ನಡುಭಾಗದಿಂದ, ಹೊರಗೆ ಬಂದ ಸ್ಟಡ್ಡು, ಅದರ ಮೇಲೆ ನಟ್ಟು ಇರುವುದಿಲ್ಲ. ಬೋಲ್ಟೇ ಗಾಲಿ ತೂರಿ ಹೋಗಿ ಹಬ್ಬಿಗೆ ಕಚ್ಚಿಕೊಳ್ಳುತ್ತದೆ. ಬೋಲ್ಟಿನ ತಲೆಯ ಕೆಳಗಿನ ಭಾಗ ಚೆಂಡಿನ ಹಾಗೆ ದುಂಡಗಿರುತ್ತದೆ. ಗಾಲಿಯ ತೂತಿನಲ್ಲೂ ಅದೇ ಆಕಾರದ ಗುಂಡಿ ಇರುತ್ತದೆ. ಚೆಂಡು ಗುಂಡಿಯಲ್ಲಿ ಕೂರಬೇಕು. ನನ್ನ ಕೈಯಲ್ಲಿದ್ದ ಬೋಲ್ಟಿನ ಚೆಂಡಿನ ಒಂದು ಪಕ್ಕ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಪಕ್ಕ ತುಕ್ಕು. ಅಂದರೆ ಇಷ್ಟು ದಿನ ಅದು ಒಂದೇ ಪಕ್ಕಕ್ಕೆ ಒತ್ತಿಕೊಂಡು ಕೂತಿದೆ. ಐದು ಬೋಲ್ಟೂ ಹಾಗೇ.

ಗಾಲಿಯ ಹಿಂಬದಿ ಒರೆಸಿ ಟಾರ್ಚ್ ಹಾಕಿದೆ. ಅಲ್ಲಿ ಅಚ್ಚಾಗಿತ್ತು: 5 × 114.3. ಬೆಂಜ್‌ನ ಹಬ್ಬು 5 × 112. ಐದು ತೂತುಗಳ ನಡುಬಿಂದುಗಳ ಮೂಲಕ ಹಾದುಹೋಗುವ ವೃತ್ತದ ಅಡ್ಡಳತೆ ಇದು, ಮಿಲಿಮೀಟರಿನಲ್ಲಿ. ವ್ಯತ್ಯಾಸ 2.3 ಮಿಲಿಮೀಟರ್. ಒಂದೊಂದು ಬೋಲ್ಟಿಗೆ 1.15 ಮಿಲಿಮೀಟರ್ ಆಚೆ. ಒಂದೂವರೆ ಎಟಿಎಂ ಕಾರ್ಡಿನ ದಪ್ಪ, ಅಷ್ಟೇ. ಹಾಗಾಗಿಯೇ ಗಾಲಿ ‘ಕೂರುತ್ತದೆ’. ಬೋಲ್ಟು ಬಿಗಿಯುವ ಗನ್ ಹಿಡಿದು ಟರ್ ಅನ್ನಿಸಿದರೆ ಬೋಲ್ಟು ಬಗ್ಗಿಕೊಂಡು ಒಳಗೆ ಹೋಗುತ್ತದೆ. ಹಾಕಿದವನಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾದರೂ ‘ಸ್ವಲ್ಪ ಅಡ್ಜಸ್ಟ್’ ಅಂದುಬಿಡುತ್ತಾನೆ.

ಜೊತೆಗೆ ಇನ್ನೂ ಎರಡು ತಪ್ಪು ಸೇರಿದ್ದವು. ಬೆಂಜ್ ಹಬ್ಬಿನ ನಡುವೆ 66.6 ಮಿಲಿಮೀಟರಿನ ಉಬ್ಬು ಇದೆ. ಗಾಲಿಯ ನಡುವಿನ ತೂತು ಅದರ ಮೇಲೆ ಗಟ್ಟಿಯಾಗಿ ಕೂತರೆ ಗಾಲಿ ನಟ್ಟನಡುವೆ ನಿಲ್ಲುತ್ತದೆ. ಈ ಅಲಾಯ್‌ನ ತೂತು 73.1. ಮಡಿಕೆಯ ಮೇಲೆ ದೊಡ್ಡ ಮುಚ್ಚಳ ಇಟ್ಟ ಹಾಗೆ, ಆಚೀಚೆ ಜರುಗುತ್ತದೆ. ನಡುವೆ ಹಾಕುವ ಪ್ಲಾಸ್ಟಿಕ್ ರಿಂಗು ಇರಲಿಲ್ಲ. ಅದು ಸಾಲದು ಅಂತ ಹಬ್ಬಿಗೂ ಗಾಲಿಗೂ ಮಧ್ಯೆ 5 ಮಿಲಿಮೀಟರಿನ ತಗಡು, ಅಂದರೆ ಸ್ಪೇಸರ್. ಅದರಿಂದ ಬೋಲ್ಟು ಹಬ್ಬಿಗೆ ಕಚ್ಚುವ ಉದ್ದ ಕಡಿಮೆಯಾಗಿತ್ತು. ಬಿಚ್ಚುವಾಗ ಎಣಿಸಿದೆ. ಐದು ಸುತ್ತಿಗೇ ಬೋಲ್ಟು ಕೈಗೆ ಬಂತು. ಈ ಅಳತೆಯ ಬೋಲ್ಟು ಆರೇಳು ಸುತ್ತಾದರೂ ಕಚ್ಚಬೇಕು.

ಈಗ ಮೆಷಿನ್ನಿನ ಸೊನ್ನೆಗೂ ರಸ್ತೆಯ ನಡುಕಕ್ಕೂ ಇರುವ ಸಂಬಂಧ ನೋಡಿ. ಬ್ಯಾಲೆನ್ಸಿಂಗ್ ಮೆಷಿನ್ ಗಾಲಿಯ ನಡುವಿನ ತೂತಿಗೆ ಕೋನ್ ತೂರಿಸಿ ಹಿಡಿಯುತ್ತದೆ. ಕೋನ್ ಯಾವ ತೂತಾದರೂ ನಡುವೆ ತಂದು ನಿಲ್ಲಿಸುತ್ತದೆ. ಅಲ್ಲಿ ಗಾಲಿ ಸರಿ. ಕಾರಿನಲ್ಲಿ ಕೋನ್ ಇಲ್ಲ. ಅಲ್ಲಿ ಗಾಲಿ ಒಂದು ಮಿಲಿಮೀಟರ್ ಪಕ್ಕಕ್ಕೆ ಕೂತು, ಮೊಟ್ಟೆಯಂತೆ ತಿರುಗುತ್ತದೆ. ನೂರು ಸಲ ಬ್ಯಾಲೆನ್ಸ್ ಮಾಡಿಸಿದರೂ ಅಷ್ಟೇ.

ಮೇಷ್ಟ್ರಿಗೆ ಬೋಲ್ಟು ತೋರಿಸಿದೆ. ಬೆರಳಲ್ಲಿ ಸವರಿ ನೋಡಿ ಸುಮ್ಮನಾದರು. ಆಮೇಲೆ ‘ಇದರಾಗ ಮೊಮ್ಮಕ್ಕಳನ್ನ ಕೂಡಿಸಿಕೊಂಡು ಮಂತ್ರಾಲಯಕ್ಕ ಹೋಗಿ ಬಂದೇನ್ರಿ’ ಅಂದರು. ಅವರ ಮಗಳ ಮಕ್ಕಳಿಬ್ಬರಿಗೆ ಈ ಗಾಡಿಯ ಹಿಂಬದಿಯ ಮಡಚುವ ಸೀಟೇ ಪ್ರಾಣ. ಹಿಂದಕ್ಕೆ ಮುಖ ಮಾಡಿ ಕೂರುವ ಸೀಟು ಅದು. ಹಿಂದೆ ಬರುವ ಲಾರಿ ಡ್ರೈವರ್‌ಗಳಿಗೆ ಕೈ ಬೀಸುತ್ತಾ ಹೋಗಬಹುದು.

ಗಾಡಿಯನ್ನು ಅವತ್ತೇ ಅಂಗಡಿಯಲ್ಲಿ ಬಿಡಿಸಿಕೊಂಡೆ. ಮೇಷ್ಟ್ರನ್ನು ಆಟೋದಲ್ಲಿ ಮನೆಗೆ ಕಳಿಸಿದೆ.

ವೇಬ್ರಿಡ್ಜ್

ಹೊಸ ಸೈಜ್ ಯಾವುದು ಅಂತ ತೀರ್ಮಾನಿಸುವ ಮುಂಚೆ ನನಗೆ ಬೇಕಾಗಿದ್ದು ಒಂದೇ ಅಂಕಿ. ತುಂಬಿದ ಗಾಡಿಯ ಒಂದು ಟೈರು ಎಷ್ಟು ಕೆಜಿ ಹೊರಬೇಕು? ಎಲ್ಲರೂ ಸೈಜಿನಿಂದ ಶುರು ಮಾಡುತ್ತಾರೆ. ಲಾರಿಯವರು ಭಾರದಿಂದ ಶುರು ಮಾಡುತ್ತಾರೆ. ವ್ಯಾಗನ್ ಅಂದರೆ ಅರ್ಧ ಲಾರಿ, ಅಲ್ವಾ?

ನಮ್ಮ ಊರಲ್ಲಿ ವೇಬ್ರಿಡ್ಜ್‌ಗೆ ಬರವಿಲ್ಲ. ಅದಿರು, ಮೆಕ್ಕೆಜೋಳ, ಹತ್ತಿ, ಎಲ್ಲಾ ತೂಗಿಯೇ ಹೋಗಬೇಕು. ಮೇಷ್ಟ್ರ ಶೆಡ್ಡಿನಲ್ಲಿ ಹಳೆಯ ಸ್ಟೀಲ್ ಗಾಲಿಗಳು ಐದೂ ಇದ್ದವು. ಅವುಗಳಲ್ಲಿ ನಾಲ್ಕನ್ನು ಹಾಕಿ, ಇದ್ದ ಟೈರಿನಲ್ಲೇ ನಿಧಾನವಾಗಿ ಹತ್ತಿರದ ವೇಬ್ರಿಡ್ಜ್‌ಗೆ ಓಡಿಸಿಕೊಂಡು ಹೋದೆ. ತೂಗುವ ಹುಡುಗ ಕಾರು ನೋಡಿ ನಕ್ಕ. ‘ಏನ್ ಲೋಡ್ ಐತಿ ಅಣ್ಣಾ?’ ಅಂದ.

ಮೊದಲು ಖಾಲಿ ಗಾಡಿ. ಮುಂದಿನ ಗಾಲಿ ಮಾತ್ರ ಹಲಗೆಯ ಮೇಲೆ ನಿಲ್ಲಿಸಿದಾಗ 790 ಕೆಜಿ. ಇಡೀ ಗಾಡಿ 1,560. ಅಂದರೆ ಹಿಂದೆ 770. ಭಾರ ಹೆಚ್ಚುಕಡಿಮೆ ಅರ್ಧರ್ಧ. ಮಾರನೇ ದಿನ ಮೇಷ್ಟ್ರ ಮನೆಯವರನ್ನೆಲ್ಲಾ ಕರೆಸಿದೆ. ಐದು ಜನ ದೊಡ್ಡವರು, ಇಬ್ಬರು ಮಕ್ಕಳು, ಯಾತ್ರೆಗೆ ಒಯ್ಯುವಷ್ಟು ಬ್ಯಾಗು, ಒಂದು ನೀರಿನ ಕ್ಯಾನು. ಮೇಷ್ಟ್ರ ಹೆಂಡತಿ ‘ತೂಕ ಜೋರಾಗಿ ಹೇಳಬ್ಯಾಡ್ರಿ’ ಅಂದರು. ಒಟ್ಟು 2,020. ಮುಂದೆ 870, ಹಿಂದೆ 1,150.

ಖಾಲಿ ಇದ್ದಾಗ ಅರ್ಧರ್ಧ ಇದ್ದದ್ದು ಜನ ಕೂತ ಕೂಡಲೇ ಹಿಂದಕ್ಕೆ ಸರಿಯಿತು. ಸೇರಿಸಿದ 460 ಕೆಜಿಯಲ್ಲಿ 380 ಹಿಂದಿನ ಅಚ್ಚಿನ ಮೇಲೆಯೇ ಬಿತ್ತು. ಹಿಂದಿನ ಒಂದೊಂದು ಟೈರಿಗೆ 575 ಕೆಜಿ. ಇದೇ ನನಗೆ ಬೇಕಿದ್ದ ಅಂಕಿ.

ಟೈರಿನ ಪಕ್ಕದಲ್ಲಿ ಸೈಜು ಮುಗಿದ ಮೇಲೆ ಎರಡಂಕಿಯ ಸಂಖ್ಯೆ ಒಂದು ಇರುತ್ತದೆ, ನೋಡಿರುತ್ತೀರಿ. 82, 88, 91, ಹೀಗೆ. ಅದು ಕೆಜಿ ಅಲ್ಲ, ಭಾರದ ಸಂಕೇತ. 87 ಅಂದರೆ 545 ಕೆಜಿ, 88 ಅಂದರೆ 560, 91 ಅಂದರೆ 615, 94 ಅಂದರೆ 670. ಮಗ ಹಾಕಿಸಿದ್ದ ಟೈರು 215/45 ಆರ್ 17, ಸಂಕೇತ 87. ಹೊರಬೇಕಾದದ್ದು 575, ಹೊರಬಲ್ಲದ್ದು 545. ಹಳೇ ಟೈರಿಗಿಂತ ಅಗಲ ಜಾಸ್ತಿ, ಬೆಲೆ ಜಾಸ್ತಿ, ಹೊರುವ ಶಕ್ತಿ ಕಡಿಮೆ. ಟೈರು ಭಾರ ಹೊರುವುದು ಒಳಗಿನ ಗಾಳಿಯಿಂದ. ಪಕ್ಕದ ಗೋಡೆ ಗಿಡ್ಡವಾದಷ್ಟೂ ಗಾಳಿಗೆ ಜಾಗ ಕಡಿಮೆ. ಇದನ್ನು ಎಷ್ಟು ಸಲ ಹೇಳಿದರೂ ಗಿರಾಕಿಗಳು ನಂಬುವುದಿಲ್ಲ. ದಪ್ಪಗಿದ್ದವನೇ ಗಟ್ಟಿ ಅನ್ನುವ ನಂಬಿಕೆ ನಮ್ಮದು.

ಈ ಗಾಡಿಯಲ್ಲಿ ಇನ್ನೊಂದು ಮೋಸ ಇದೆ. ಬೇರೆ ಕಾರಿಗೆ ಭಾರ ಹಾಕಿದರೆ ಹಿಂಭಾಗ ಕುಸಿಯುತ್ತದೆ. ನೋಡಿದವರು ‘ಲೋಡ್ ಜಾಸ್ತಿ ಆತು’ ಅನ್ನುತ್ತಾರೆ. ಎಸ್ 123ರಲ್ಲಿ ಹಿಂದಿನ ಸಸ್ಪೆನ್ಷನ್ ತಾನಾಗಿಯೇ ಮಟ್ಟ ಹಿಡಿಯುತ್ತದೆ. ಎಂಜಿನ್ ಓಡುವಾಗ ಒಂದು ಪಂಪು ಎಣ್ಣೆಯನ್ನು ಹಿಂದಕ್ಕೆ ತಳ್ಳಿ, ಕುಸಿದ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ವೇಬ್ರಿಡ್ಜ್ ಮೇಲೆ ನಾನೇ ಕಣ್ಣಾರೆ ಕಂಡೆ. ಏಳು ಜನ ಹತ್ತಿದಾಗ ಕುಸಿದ ಗಾಡಿ, ಎಂಜಿನ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಒಂಟೆ ಎದ್ದ ಹಾಗೆ ಮೆಲ್ಲಗೆ ಎದ್ದು ನಿಂತಿತು. ಮಕ್ಕಳು ಚಪ್ಪಾಳೆ ಹೊಡೆದವು. ಆದರೆ ಮಟ್ಟ ಸರಿಯಾಯಿತು ಅಂದಮಾತ್ರಕ್ಕೆ ಟೈರಿನ ಮೇಲಿನ ಭಾರ ಇಳಿಯಲಿಲ್ಲ. ಕಣ್ಣಿಗೆ ಎಲ್ಲಾ ಸರಿ ಕಾಣುತ್ತದೆ, ಟೈರು ಮಾತ್ರ ಒಳಗೊಳಗೇ ಬೇಯುತ್ತಿರುತ್ತದೆ. ಬೇಯುತ್ತಿರುತ್ತದೆ ಅನ್ನುವುದು ಬರೀ ಮಾತಲ್ಲ. ಭಾರ ಜಾಸ್ತಿಯಾದರೆ ಪಕ್ಕದ ಗೋಡೆ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ. ಬಳ್ಳಾರಿಯ ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ಕಾದ ಡಾಂಬರು ಅದಕ್ಕೆ ಜೊತೆ.

ಗೀಟು ಹಾಕಿಕೊಂಡಾಯಿತು. ಸಂಕೇತ 91ಕ್ಕಿಂತ ಕಡಿಮೆ ಇರುವ ಯಾವ ಟೈರೂ ಈ ಗಾಡಿಗೆ ಬೇಡ. ವೇಗದ ಅಕ್ಷರದ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಎಸ್ ಅಂದರೆ 180, ಎಚ್ ಅಂದರೆ 210 ಕಿಲೋಮೀಟರ್ ವೇಗ. ಈ ಎತ್ತು 140 ದಾಟುವುದೇ ಕಷ್ಟ.

ಸೈಜಿನ ಲೆಕ್ಕ

ಕಂಪನಿ ಕೊಟ್ಟ ಸೈಜು 195/70 ಆರ್ 14. ಸ್ಟೀಲ್ ಗಾಲಿಯ ಮೇಲೆ 6ಜೆ × 14, ಇಟಿ 30 ಅಂತ ಅಚ್ಚಿತ್ತು. 6 ಅಂದರೆ ಗಾಲಿಯ ಅಗಲ, ಇಂಚಿನಲ್ಲಿ. ಇಟಿಯ ಮಾತು ಆಮೇಲೆ. ಟೈರಿನ ಒಟ್ಟು ಎತ್ತರ ಲೆಕ್ಕ ಹಾಕುವುದು ಸುಲಭ. 195 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಅದರಲ್ಲಿ ನೂರಕ್ಕೆ 70 ಅಂದರೆ 136.5. ಅದು ಪಕ್ಕದ ಗೋಡೆಯ ಎತ್ತರ. ಮೇಲೊಂದು ಕೆಳಗೊಂದು, 273. ಗಾಲಿಯ 14 ಇಂಚನ್ನು 25.4ರಿಂದ ಗುಣಿಸಿದರೆ 355.6. ಕೂಡಿಸಿದರೆ 628.6 ಮಿಲಿಮೀಟರ್. ಹೊಸ ಟೈರು ಯಾವುದೇ ಆಗಲಿ, ಈ ಎತ್ತರದ ಆಸುಪಾಸು ಇರಬೇಕು. ಎತ್ತರ ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಗೇರಿನ ಲೆಕ್ಕ ತಪ್ಪುತ್ತದೆ.

ಮೊದಲ ಆಸೆ 195/70 ಆರ್ 14ನೇ ಹಾಕುವುದಾಗಿತ್ತು. ನನ್ನದೂ ಅದೇ ಆಸೆ. ಹಳೇ ಗಾಡಿಗೆ ಹಳೇ ಸೈಜೇ ಚೆಂದ. ಹದಿನೈದು ದಿನ ಫೋನ್ ಮಾಡಿದೆ. ನಾಲ್ಕು ಟೈರು ಒಂದೇ ಕಡೆ, ಒಂದೇ ವರ್ಷದ್ದು ಸಿಗಲಿಲ್ಲ. ಒಬ್ಬರ ಬಳಿ ಎರಡಿದ್ದವು. ಪಕ್ಕದ ನಾಲ್ಕಂಕಿ ಓದಿ ಹೇಳಿ ಅಂದೆ. 3114 ಅಂದರು. ಅಂದರೆ 2014ರ 31ನೇ ವಾರ. ಒಂದು ಕಿಲೋಮೀಟರೂ ಓಡದ ಹಳೇ ಟೈರು. ಗೋದಾಮಿನಲ್ಲಿ ಕೂತು ರಬ್ಬರ್ ಒಣಗಿರುತ್ತದೆ. ಬೇಡ ಅಂದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಮೇಷ್ಟ್ರು ಈ ಗಾಡಿಯನ್ನು ಶೋಕಿಗೆ ಇಟ್ಟವರಲ್ಲ, ಊರೂರು ಓಡಿಸುವವರು. ಭಾನುವಾರ ಸಿಂಧನೂರಿನಲ್ಲೋ ತೋರಣಗಲ್ಲಿನಲ್ಲೋ ಟೈರಿನ ಪಕ್ಕ ಹರಿದರೆ ಈ ಸೈಜು ಕೊಡುವವರು ಯಾರು?

15 ಇಂಚಿಗೆ ಹೋದರೆ ದಾರಿ ಸಲೀಸು. 195/65 ಆರ್ 15ರ ಎತ್ತರ 634.5. ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. ಸಂಕೇತ ಸರಿಯಾಗಿ 91. ಪಕ್ಕದ ಗೋಡೆ ಸುಮಾರು 127 ಮಿಲಿಮೀಟರ್. ಮಗನ 17 ಇಂಚಿನ ಟೈರಿನ ಗೋಡೆ 97 ಇತ್ತು. ಮೂರು ಸೆಂಟಿಮೀಟರ್ ರಬ್ಬರ್ ಜಾಸ್ತಿ ಸಿಕ್ಕಿತು. ನಮ್ಮ ರಸ್ತೆಗಳ ಗುಂಡಿಗೆ ಅದೇ ವಿಮೆ.

ಮೇಷ್ಟ್ರ ಡ್ರೈವರ್ ಇನ್ನೊಂದು ಸಲಹೆ ತಂದ. ‘ಇನ್ನೋವಾ ಟೈರ್ ಹಾಕ್ರಿ, ಎಲ್ಲಿ ಬೇಕಾದ್ರೂ ಸಿಗತಾವ.’ 205/65 ಆರ್ 15. ಮಾತು ನಿಜ. ಬಳ್ಳಾರಿಯಲ್ಲಿ ಉಪ್ಪು ಸಿಗದ ದಿನವೂ ಇನ್ನೋವಾ ಟೈರ್ ಸಿಗುತ್ತದೆ. ಭಾರಕ್ಕೂ ಸಾಕು. ಆದರೆ ಎತ್ತರ 647.5, ನೂರಕ್ಕೆ ಮೂರು ಜಾಸ್ತಿ. ಮುಳ್ಳು 80 ತೋರಿಸುವಾಗ ಗಾಡಿ 82ರ ಮೇಲೆ ಓಡುತ್ತಿರುತ್ತದೆ. ಅದು ಹೋಗಲಿ ಅಂದರೆ, 72 ಎಚ್‌ಪಿಯ ಎಂಜಿನ್ನಿಗೆ ಗೇರು ಇನ್ನಷ್ಟು ಭಾರವಾಗುತ್ತದೆ. ಏಳು ಜನರನ್ನು ಕೂರಿಸಿಕೊಂಡು ಸಂಡೂರಿನ ಘಾಟಿ ಹತ್ತುವಾಗ ಹಿಂದಿನ ಲಾರಿಯವನು ಹಾರ್ನ್ ಹೊಡೆಯುವುದು ಗ್ಯಾರಂಟಿ. ತುರ್ತಿಗೆ ಪರವಾಗಿಲ್ಲ, ಕಾಯಂ ಬೇಡ ಅಂದೆ.

ಮಗ ಫೋನಿನಲ್ಲಿ 16 ಇಂಚಾದರೂ ಹಾಕಿ ಅಂಕಲ್ ಅಂದ. 205/55 ಆರ್ 16. ಲೆಕ್ಕದಲ್ಲಿ ಅದು ತಪ್ಪಲ್ಲ. ಎತ್ತರ 632, ಸಂಕೇತ 91. ಬೆಂಗಳೂರಿನಲ್ಲೇ ಓಡುವ ಗಾಡಿಯಾಗಿದ್ದರೆ ಹ್ಞೂಂ ಅನ್ನುತ್ತಿದ್ದೆ. ಇಲ್ಲಿ ಗೋಡೆಯ ಎತ್ತರ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ನನ್ನ ತಪ್ಪು

ಟೈರು ಗೊತ್ತಾಯಿತು. ಇನ್ನು 15 ಇಂಚಿನ ಗಾಲಿ ಬೇಕು. ಇಲ್ಲಿ ನಾನು ಅವಸರ ಮಾಡಿದೆ.

ಬೆಂಜ್‌ನವರು 1995ರಲ್ಲಿ ಪುಣೆಯಲ್ಲಿ ಕಾರು ಕಟ್ಟಲು ಶುರು ಮಾಡಿದಾಗ ಮೊದಲು ತಂದದ್ದು ಡಬ್ಲ್ಯೂ 124 ಮಾದರಿ. ಅದರ ಹಳೇ ಗಾಲಿಗಳು ಗುಜರಿಯಲ್ಲಿ ಸಿಗುತ್ತವೆ. 5 × 112 ಸರಿ, ನಡುವಿನ ತೂತು 66.6 ಸರಿ, 15 ಇಂಚು ಸರಿ, ಅಗಲ ಆರೂವರೆ ಇಂಚು. ಬೆಂಜ್ ಗಾಲಿ ಬೆಂಜ್‌ಗೆ ಆಗದೇ ಇರುತ್ತದೆಯೇ ಅಂದುಕೊಂಡು ನಾಲ್ಕು ತರಿಸಿದೆ. ಇಟಿ ಕೇಳಲಿಲ್ಲ. ಬಂದ ಮೇಲೆ ನೋಡಿದರೆ ಇಟಿ 49.

ಇಟಿ ಅಂದರೆ ಗಾಲಿಯ ಅಗಲದ ನಡುಗೆರೆಯಿಂದ, ಹಬ್ಬಿಗೆ ಅಂಟುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನುವ ಅಳತೆ. ಅಂಕಿ ದೊಡ್ಡದಾದಷ್ಟೂ ಗಾಲಿ ಗಾಡಿಯ ಒಳಕ್ಕೆ ಸರಿಯುತ್ತದೆ. 30ರ ಜಾಗದಲ್ಲಿ 49 ಅಂದರೆ 19 ಮಿಲಿಮೀಟರ್ ಒಳಗೆ. ಅಗಲ ಅರ್ಧ ಇಂಚು ಜಾಸ್ತಿ ಇರುವುದರಿಂದ ಆ ಕಡೆ ಆರು, ಈ ಕಡೆ ಆರು ಮಿಲಿಮೀಟರ್ ಸೇರುತ್ತದೆ. ಒಳ ಅಂಚು ಒಟ್ಟು ಒಂದು ಇಂಚು ಒಳಗೆ ಹೋಯಿತು. ಗಾಲಿ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿದೆ. ಟೈರಿಗೂ ಸಸ್ಪೆನ್ಷನ್ ಆರ್ಮಿಗೂ ನಡುವೆ ಪೋಸ್ಟ್ ಕಾರ್ಡ್ ತೂರುವಷ್ಟು ಜಾಗ. ಗುಂಡಿಗೆ ಬಿದ್ದರೆ ಅದೂ ಇಲ್ಲ. ಹೊರಗಿನಿಂದ ನೋಡಿದರೆ ಗಾಲಿಗಳು ಹೊಟ್ಟೆಯೊಳಗೆ ಹೋದಂತೆ, ಚಡ್ಡಿ ಸಡಿಲಾದ ಹುಡುಗನಂತೆ ಕಾಣುತ್ತಿತ್ತು ಗಾಡಿ.

ನಮ್ಮ ಹುಡುಗ ‘20 ಎಂಎಂ ಸ್ಪೇಸರ್ ಹಾಕೋಣಣ್ಣಾ’ ಅಂದ. ಬಿಚ್ಚಿ ಎಸೆದ ತಗಡು ಇನ್ನೂ ಮೂಲೆಯಲ್ಲೇ ಬಿದ್ದಿತ್ತು. ಅದನ್ನೇ ತೋರಿಸಿದೆ. ಸರಿಯಾಗಿ ಮಾಡಿದ ಸ್ಪೇಸರ್, ಸರಿಯಾದ ಉದ್ದದ ಬೋಲ್ಟು ಹಾಕಿದರೆ ನಡೆಯುತ್ತದೆ, ಇಲ್ಲ ಅನ್ನಲ್ಲ. ಆದರೆ ಮುಂದೆ ಇನ್ಯಾವನೋ ಪಂಕ್ಚರ್ ಹಾಕುವವನು ಬಿಚ್ಚಿ, ಬೋಲ್ಟು ಅದಲು ಬದಲು ಮಾಡಿ ಹಾಕಿದರೆ? ಗಾಲಿ ವಾಪಸ್ ಕಳಿಸಿದೆ. ಲಾರಿ ಬಾಡಿಗೆ ನನ್ನ ಕೈಯಿಂದ.

ಎರಡನೇ ಸಲ ಅಳತೆ ಬರೆದುಕೊಂಡು ಹುಡುಕಿದೆ. ಅದೇ ಕಂಪನಿಯ ಮುಂದಿನ ಇ ಕ್ಲಾಸ್, ಡಬ್ಲ್ಯೂ 210ರ ಗಾಲಿ ಸಿಕ್ಕಿತು. ಆರೂವರೆ ಇಂಚು ಅಗಲ, 15 ಇಂಚು, ಇಟಿ 37. ಲೆಕ್ಕ ಹಾಕಿದರೆ ಹೊರ ಅಂಚು ಹಳೇ ಸ್ಟೀಲ್ ಗಾಲಿಯ ಜಾಗದಲ್ಲೇ, ಒಂದು ಮಿಲಿಮೀಟರ್ ವ್ಯತ್ಯಾಸವೂ ಇಲ್ಲ. ಒಳಗೆ ಮಾತ್ರ 13 ಮಿಲಿಮೀಟರ್ ಸರಿಯುತ್ತದೆ. ಹಾಕಿ ತಿರುಗಿಸಿದೆ. ಈ ಸಲ ಕಿರುಬೆರಳು ಸಲೀಸಾಗಿ ತೂರಿತು. ಖಾಲಿ ಗಾಡಿ, ತುಂಬಿದ ಗಾಡಿ, ಎಡ, ಬಲ, ಹಿಮ್ಮುಖ, ಎಲ್ಲಾ ನೋಡಿದೆ. ಎಲ್ಲೂ ಉಜ್ಜಲಿಲ್ಲ.

195/65 ಆರ್ 15, ಸಂಕೇತ 91, ನಾಲ್ಕೂ ಹೊಸವು, ನಾಲ್ಕೂ ಒಂದೇ ತಿಂಗಳಲ್ಲಿ ಮಾಡಿದವು. ಒಂದಕ್ಕೆ ಆರು ಸಾವಿರದ ಆಚೀಚೆ. ಬೋಲ್ಟುಗಳನ್ನು ಗನ್ನಿನಲ್ಲಿ ಹೊಡೆಯಲಿಲ್ಲ. ಕೈಯಲ್ಲಿ ಕೂರಿಸಿ, ಟಾರ್ಕ್ ರೆಂಚಿನಲ್ಲಿ 110 ನ್ಯೂಟನ್ ಮೀಟರ್‌ಗೆ ಬಿಗಿದೆ. ನೂರು ಕಿಲೋಮೀಟರ್ ಓಡಿಸಿ ಬಂದ ಮೇಲೆ ಮತ್ತೊಮ್ಮೆ ನೋಡಿದೆ.

ತೋರಣಗಲ್ಲಿನ ತನಕ ನಾನೇ ಓಡಿಸಿದೆ. ಎಡಗಡೆ ಸ್ಟೇರಿಂಗ್ ಆದ್ದರಿಂದ ಲಾರಿ ದಾಟಬೇಕಾದರೆ ಪಕ್ಕದಲ್ಲಿ ಕೂತ ಮೇಷ್ಟ್ರು ಕತ್ತು ಚಾಚಿ ‘ಖಾಲಿ ಐತಿ, ಹೋಗ್ರಿ’ ಅನ್ನಬೇಕು. 80 ಆಯಿತು, 90 ಆಯಿತು, 100 ಆಯಿತು. ಮೇಷ್ಟ್ರು ಸ್ಟೇರಿಂಗನ್ನೇ ನೋಡುತ್ತಿದ್ದರು. ನಾನು ಒಂದು ಕ್ಷಣ ಬೆರಳು ಸಡಿಲ ಬಿಟ್ಟು ತೋರಿಸಿದೆ. ಕದಲಲಿಲ್ಲ.

ಟೈರಿನದ್ದಲ್ಲದ ತಪ್ಪು

ಆದರೆ ಎರಡನೇ ದೂರು ಹಾಗೇ ಇತ್ತು. ಹಿಂದಿನ ಸೀಟಿನಲ್ಲಿ ಕೂತ ಹುಡುಗ ಪ್ರತಿ ಹಂಪ್‌ಗೂ ಹಾರಿ ಬೀಳುತ್ತಿದ್ದ. ಗೋಡೆ ಮೂರು ಸೆಂಟಿಮೀಟರ್ ಎತ್ತರವಾದರೂ ಫರಕು ಸ್ವಲ್ಪವೇ. ಗಾಳಿ ಇಳಿಸಿ ಅಂತ ಮೇಷ್ಟ್ರು. ನಾನು ಒಪ್ಪಲಿಲ್ಲ. ಸಂಕೇತ 91ರ ಮಾಮೂಲಿ ಟೈರು 615 ಕೆಜಿ ಹೊರುವುದು ಗಾಳಿ 36 ಪಿಎಸ್‌ಐ ಇದ್ದಾಗ. ಗಾಳಿ ಇಳಿಸಿದರೆ ಹೊರುವ ಶಕ್ತಿಯೂ ಇಳಿಯುತ್ತದೆ. ಆಗ 91 ಹುಡುಕಿ ಏನು ಬಂತು?

ತಪ್ಪು ಇದ್ದದ್ದು ಆ ಮಟ್ಟ ಹಿಡಿಯುವ ವ್ಯವಸ್ಥೆಯಲ್ಲಿ. ಎಣ್ಣೆಯ ದಾರಿಯಲ್ಲಿ ಎರಡು ಲೋಹದ ಗುಂಡುಗಳಿವೆ. ಒಳಗೆ ಒಂದು ಪರದೆ. ಪರದೆಯ ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ನೈಟ್ರೋಜನ್. ಗಾಡಿ ಕುಲುಕಿದಾಗ ಎಣ್ಣೆ ನುಗ್ಗಿ ನೈಟ್ರೋಜನ್ ಕುಗ್ಗುತ್ತದೆ. ಅದೇ ಮೆತ್ತಗಿನ ಹಾಸಿಗೆ. ನೈಟ್ರೋಜನ್ ಸೋರಿಹೋದರೆ ಬರೀ ಎಣ್ಣೆ ಉಳಿಯುತ್ತದೆ. ಎಣ್ಣೆ ಕುಗ್ಗುವುದಿಲ್ಲ. ಹಿಂಭಾಗ ಕಟ್ಟಿಗೆಯ ಹಾಗೆ ಆಗುತ್ತದೆ. ಗಾಡಿ ಎದ್ದು ನಿಲ್ಲುತ್ತಿತ್ತಲ್ಲ, ಹಾಗಾಗಿ ಪಂಪು ಸರಿ ಇದೆ, ಎಲ್ಲಾ ಸರಿ ಇದೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಾನೂ ವೇಬ್ರಿಡ್ಜ್ ಮೇಲೆ ಚಪ್ಪಾಳೆಯ ಸದ್ದಿನಲ್ಲಿ ಅದನ್ನು ಯೋಚಿಸಲಿಲ್ಲ. ಗುಂಡುಗಳನ್ನು ಹೊರದೇಶದಿಂದ ತರಿಸಿ ಹಾಕಿಸಿದ್ದು ಬೇರೆ ಮೆಕ್ಯಾನಿಕ್. ಅದರ ಖರ್ಚು ನಾಲ್ಕು ಟೈರಿನ ಖರ್ಚಿಗಿಂತ ಜಾಸ್ತಿ ಆಯಿತು. ಮಗನ 17 ಇಂಚಿನ ಗಾಲಿಯನ್ನು ಅದೇ ಅಳತೆಯ ಹಬ್ಬಿರುವ ಕಾರಿನವರಿಗೆ ಮಾರಿ ಸ್ವಲ್ಪ ಹಣ ಹುಟ್ಟಿಸಿದೆವು. ಡೊಂಕಿದ್ದ ಒಂದನ್ನು ಮಾರಲು ಬಿಡಲಿಲ್ಲ.

ಗಾಳಿ ಕೊನೆಗೆ ಹೀಗೆ ಇಟ್ಟೆ. ಮುಂದೆ 30, ಹಿಂದೆ 32. ಏಳು ಜನ ಹೋಗುವ ದಿನ ಹಿಂದೆ 36. ಬೆಳಿಗ್ಗೆ, ಗಾಡಿ ತಣ್ಣಗಿರುವಾಗ ನೋಡಬೇಕು. ಮಧ್ಯಾಹ್ನ ಬಿಸಿಲಲ್ಲಿ ಓಡಿಸಿಕೊಂಡು ಬಂದು ನೋಡಿದರೆ ನಾಲ್ಕೈದು ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡುವವರು ನಮ್ಮೂರಲ್ಲಿ ಬಹಳ.

ಸ್ಟೆಪ್ನಿ

ಕೊನೆಗೆ ಉಳಿದದ್ದು ಸ್ಟೆಪ್ನಿ. ಈ ವ್ಯಾಗನ್ನಿನಲ್ಲಿ ಸ್ಟೆಪ್ನಿ ಹಿಂಬದಿಯ ಪಕ್ಕದ ಪೊಟರೆಯೊಳಗೆ ನಿಂತುಕೊಂಡಿರುತ್ತದೆ. ಅದರ ಮೇಲೊಂದು ಮುಚ್ಚಳ. 15 ಇಂಚಿನ ಗಾಲಿ ಇಟ್ಟರೆ ಮುಚ್ಚಳ ಹಾಕಲು ಮೊಣಕಾಲು ಬೇಕಾಗುತ್ತಿತ್ತು. ಗಾಲಿ ಸಿಕ್ಕಿದ್ದೂ ನಾಲ್ಕೇ. ಹಾಗಾಗಿ ಅಪ್ಪನ ಕಾಲದ ಸ್ಟೀಲ್ ಗಾಲಿ ಒಂದನ್ನು ಉಜ್ಜಿ, ಬಣ್ಣ ಹೊಡೆಸಿ, ಅದಕ್ಕೆ 195/70 ಆರ್ 14 ಒಂದೇ ಒಂದು ಹೊಸ ಟೈರು ತರಿಸಿದೆ. ನಾಲ್ಕು ಸಿಗದ್ದು ಒಂದು ಸಿಕ್ಕಿತು, ಅದೂ ತಿಂಗಳು ಕಾದ ಮೇಲೆ. ಎತ್ತರದಲ್ಲಿ ಬರೀ 6 ಮಿಲಿಮೀಟರ್ ವ್ಯತ್ಯಾಸ. ಮುಂದಿನ ಊರು ಮುಟ್ಟಲು ತೊಂದರೆ ಇಲ್ಲ.

ತೊಂದರೆ ಇರುವುದು ಬೋಲ್ಟಿನಲ್ಲಿ. ಅಲಾಯ್ ದಪ್ಪ, ಅದಕ್ಕೆ ಉದ್ದ ಬೋಲ್ಟು. ಸ್ಟೀಲ್ ಗಾಲಿ ತೆಳ್ಳಗೆ, ಅದಕ್ಕೆ ಗಿಡ್ಡ ಬೋಲ್ಟು. ಉದ್ದ ಬೋಲ್ಟನ್ನು ಸ್ಟೀಲ್ ಗಾಲಿಗೆ ಹಾಕಿದರೆ ಹಬ್ಬನ್ನು ತೂರಿ ಹಿಂದೆ ಬರುತ್ತದೆ. ಹಿಂದಿನ ಗಾಲಿಯಲ್ಲಾದರೆ ಅಲ್ಲೇ ಹ್ಯಾಂಡ್‌ಬ್ರೇಕಿನ ಭಾಗಗಳಿವೆ, ಅವಕ್ಕೆ ತಗಲುತ್ತದೆ. ಗಾಲಿ ಗಟ್ಟಿಯಾಗಿ ಕೂತ ಹಾಗೆ ಅನಿಸುತ್ತದೆ, ಕೂತಿರುವುದಿಲ್ಲ. ಐದು ಗಿಡ್ಡ ಬೋಲ್ಟುಗಳನ್ನು ಬೇರೆಯಾಗಿ ಕೊಟ್ಟು, ಸ್ಟೆಪ್ನಿ ಜೊತೆಗೇ ಇರಬೇಕು, ಕಳೆಯಬಾರದು ಅಂದೆ. ಮೇಷ್ಟ್ರ ಹೆಂಡತಿ ಅದಕ್ಕೊಂದು ಚೀಲ ಹೊಲಿದರು. ಬಳ್ಳಾರಿ ತಾನೇ, ಜೀನ್ಸ್ ತುಂಡಿಗೇನು ಬರ. ಹಳೇ ಜೇಬೊಂದನ್ನೇ ಕತ್ತರಿಸಿ, ಬಾಯಿಗೆ ದಾರ ಹಾಕಿ, ಸ್ಟೆಪ್ನಿಯ ನಡುವಿನ ತೂತಿಗೆ ಕಟ್ಟಿದರು.

ಮೂರು ತಿಂಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮೇಷ್ಟ್ರ ಫೋನು. ರಾಯಚೂರಿನ ದಾರಿಯಲ್ಲಿ, ಸಿರುಗುಪ್ಪ ದಾಟಿ, ಭತ್ತದ ಗದ್ದೆಗಳ ನಡುವೆ ಪಂಕ್ಚರ್. ಹಿಂದಿನ ಬಲಗಡೆ. ಲಾರಿಯವನೊಬ್ಬ ನಿಲ್ಲಿಸಿ ಗಾಲಿ ಬದಲಿಸಲು ಕೂತಿದ್ದಾನೆ. ಉದ್ದ ಬೋಲ್ಟನ್ನೇ ಹಾಕಲು ಹೊರಟಿದ್ದನಂತೆ. ‘ನಮ್ಮ ಸಣ್ಣವಳು ಅಡ್ಡ ನಿಂತಾಳ್ರಿ’ ಅಂದರು ಮೇಷ್ಟ್ರು. ಹಿಂದೆ ಯಾರೋ ಪುಟ್ಟ ದನಿಯಲ್ಲಿ ಜೋರಾಗಿ ಹೇಳುತ್ತಿದ್ದದ್ದು ನನಗೂ ಕೇಳಿಸಿತು: ‘ಅದಲ್ಲ ಅಂಕಲ್, ಜೀನ್ಸ್ ಚೀಲದಾಗಿಂದು!’